ಕೋಳಿ ಸಾರಿನಲ್ಲಿ ಖಾರ ಮಾತ್ರ ಇದೆ, ರುಚಿ ಎಲ್ಲಿ ಹೋಯ್ತು?

ಪ್ರಶ್ನೆ: ಮೇಡಂ, ನಮ್ಮೂರು ಚನ್ನರಾಯಪಟ್ಟಣದ ಹತ್ತಿರ. ಈಗ ಬೆಂಗಳೂರಿನಲ್ಲಿ ಕೆಲಸ. ಮೂರು ಜನ ಹುಡುಗರು ಸೇರಿ ಮನೆ ಮಾಡಿದ್ದೇವೆ, ಭಾನುವಾರದ ಅಡುಗೆ ನನ್ನದು. ಅಮ್ಮ ಫೋನಿನಲ್ಲಿ ಹೇಳಿಕೊಟ್ಟ ಹಾಗೇ ಕೋಳಿ ಸಾರು ಮಾಡುತ್ತೇನೆ. ಒಂದು ಕೆಜಿ ಕೋಳಿಗೆ ಮೂರು ಚಮಚ ಖಾರದ ಪುಡಿ ಅಂತ ಅಮ್ಮನ ಲೆಕ್ಕ. ನನ್ನ ರೂಮ್‌ಮೇಟ್ ಗುಂಟೂರಿನವನು. ಅವನು ಊರಿಂದ ತಂದ ಖಾರದ ಪುಡಿಯನ್ನೇ ಹಾಕುತ್ತೇನೆ. ಬಾಯಿಗಿಟ್ಟರೆ ಕಣ್ಣಲ್ಲಿ ನೀರು ಬರುತ್ತದೆ, ಆದರೆ ಅಮ್ಮನ ಸಾರಿನ ರುಚಿ ಇಲ್ಲ. ಪುಡಿ ಕಮ್ಮಿ ಮಾಡಿದರೆ ಬಣ್ಣವೂ ಇಲ್ಲ, ಪೂರ್ತಿ ಸಪ್ಪೆ. ಆಲೂಗಡ್ಡೆ ಹಾಕಿದರೆ ಖಾರ ಎಳೆದುಕೊಳ್ಳುತ್ತದೆ ಅಂದರು, ಅದನ್ನೂ ಮಾಡಿದೆ. ಮುಂದಿನ ತಿಂಗಳು ಅಪ್ಪ ಅಮ್ಮ ಬರುತ್ತಿದ್ದಾರೆ. ಅಪ್ಪನಿಗೆ ಈಗ ಜಾಸ್ತಿ ಖಾರ ಆಗುವುದಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು 'ಖಾರದ ಪುಡಿ' ಅನ್ನುವ ಮಾತು. ಅಮ್ಮ ಹೇಳಿದ ಖಾರದ ಪುಡಿಯೇ ಬೇರೆ, ನಿಮ್ಮ ರೂಮಿನ ಡಬ್ಬದಲ್ಲಿರುವುದೇ ಬೇರೆ.

ಹಾಸನ, ಮಂಡ್ಯ, ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ಖಾರದ ಪುಡಿ ಅಂದರೆ ಬರೀ ಮೆಣಸಿನಕಾಯಿ ಪುಡಿ ಅಲ್ಲ. ಮೆಣಸಿನಕಾಯಿ, ಧನಿಯಾ ಎರಡೂ ಸೇರಿಸಿ ಬೀಸಿದ ಪುಡಿ. ಜೊತೆಗೆ ಒಂದಿಷ್ಟು ಜೀರಿಗೆ, ಮೆಂತ್ಯ, ಕಾಳುಮೆಣಸು, ಅರಿಸಿನದ ಕೊಂಬು. ಮನೆಗೊಂದು ಲೆಕ್ಕ. ನನ್ನ ತವರು ಕೆ.ಆರ್. ಪೇಟೆ ಕಡೆ. ನಮ್ಮಮ್ಮ ಒಂದು ಕೆಜಿ ಮೆಣಸಿನಕಾಯಿಗೆ ಎರಡು ಕೆಜಿ ಧನಿಯಾ ಹಾಕುತ್ತಿದ್ದರು. ಬೇಸಿಗೆಯಲ್ಲಿ ಮೆಣಸಿನಕಾಯಿ ತಾರಸಿ ಮೇಲೆ ಗರಿಗರಿ ಒಣಗಬೇಕು, ಕೂತು ತೊಟ್ಟು ಬಿಡಿಸಬೇಕು, ಧನಿಯಾ ಬೆಚ್ಚಗೆ ಹುರಿಯಬೇಕು, ಆಮೇಲೆ ಮಿಲ್ಲು. ರಾಗಿ ಬೀಸುವ ಕಲ್ಲಿಗೆ ಮೆಣಸಿನಕಾಯಿ ಹಾಕಲು ಮಿಲ್ಲಿನವರು ಬಿಡುವುದಿಲ್ಲ, ಅದಕ್ಕೇ ಬೇರೆ ಮಿಷಿನ್ನು. ಮನೆಗೆ ಬರುವಷ್ಟರಲ್ಲಿ ಎಲ್ಲರಿಗೂ ಸೀನು.

ಈಗ ಲೆಕ್ಕ ಹಾಕಿ. ನಮ್ಮಮ್ಮನ ಪುಡಿಯಲ್ಲಿ ಮೂರು ಚಮಚ ಅಂದರೆ ಮೆಣಸಿನಕಾಯಿ ಒಂದೇ ಚಮಚ, ಉಳಿದ ಎರಡು ಚಮಚ ಧನಿಯಾ. ನಿಮ್ಮ ಅಮ್ಮನದೂ ಹೆಚ್ಚುಕಮ್ಮಿ ಹೀಗೇ ಇರಬೇಕು. ಆ ಒಂದು ಚಮಚದಲ್ಲೂ ಬಹುಪಾಲು ಬ್ಯಾಡಗಿ. ನೀವು ಮೂರಕ್ಕೆ ಮೂರೂ ಚಮಚ ಗುಂಟೂರು ಮೆಣಸಿನಕಾಯಿ ಪುಡಿ ಹಾಕಿದ್ದೀರಿ. ಖಾರ ಐದಾರು ಪಟ್ಟು ಏರಿತು, ಧನಿಯಾ ಪೂರ್ತಿ ನಾಪತ್ತೆ. ಅಮ್ಮನ ಸಾರಿನ ರುಚಿ ಅಂತ ನೀವು ನೆನಪಿಟ್ಟುಕೊಂಡಿರುವುದರಲ್ಲಿ ಅರ್ಧ ಭಾಗ ಆ ಧನಿಯಾದ್ದು. ಸಾರು ಮಂದವಾಗುವುದೂ ಅದರಿಂದಲೇ. ಹಾಗಾಗಿ ಪುಡಿ ಕಮ್ಮಿ ಮಾಡಿದಾಗ ಸಪ್ಪೆ ಆದದ್ದರಲ್ಲಿ ಆಶ್ಚರ್ಯ ಇಲ್ಲ. ಖಾರದ ಹಿಂದೆ ಇರಬೇಕಾದದ್ದು ಮೊದಲಿಗೇ ಇರಲಿಲ್ಲ, ಅಲ್ವಾ?

ಮೆಣಸಿನಕಾಯಿಯಿಂದ ನಮಗೆ ಮೂರು ಕೆಲಸ ಆಗಬೇಕು: ಬಣ್ಣ, ಘಮ, ಉರಿ. ಮೂರನ್ನೂ ಒಂದೇ ಡಬ್ಬದಿಂದ ತೆಗೆಯಲು ಹೋದರೆ ಕೆಡುತ್ತದೆ. ಬಣ್ಣ ಸಾಲದು ಅಂತ ಇನ್ನೊಂದು ಚಮಚ ಹಾಕುತ್ತೇವೆ, ಉರಿ ಏರುತ್ತದೆ. ಉರಿ ಇಳಿಸಲು ನೀರು ಹಾಕುತ್ತೇವೆ, ಘಮ ಹೋಗುತ್ತದೆ.

ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದದ್ದು ಬಣ್ಣದಿಂದ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆ ಮಾನ್ಯತೆಯೂ ಸಿಕ್ಕಿತು. ಲಿಪ್‌ಸ್ಟಿಕ್, ನೇಲ್ ಪಾಲಿಶ್‌ಗೆ ಕೂಡ ಅದರಿಂದ ಬಣ್ಣ ತೆಗೆಯುತ್ತಾರೆ. ಅದರಲ್ಲಿ ಎರಡು ಬಗೆ: ಉದ್ದಕ್ಕೆ, ಸಣ್ಣಗೆ ಇರುವುದು ಕಡ್ಡಿ, ಗಿಡ್ಡಕ್ಕೆ, ದಪ್ಪಗೆ ಇರುವುದು ಡಬ್ಬಿ. ಎರಡೂ ಮೈತುಂಬ ಸುಕ್ಕು. ಗುಂಟೂರಿನ ಸಣ್ಣಂ ಹಾಗಲ್ಲ, ಸಿಪ್ಪೆ ನುಣುಪು, ಸ್ವಲ್ಪ ದಪ್ಪ. ಖಾರ ಅಳೆಯಲು ಸ್ಕೋವಿಲ್ ಅಂತ ಒಂದು ಲೆಕ್ಕ ಇದೆ, 1912ರಲ್ಲಿ ಅಮೆರಿಕದ ವಿಲ್ಬರ್ ಸ್ಕೋವಿಲ್ ಅನ್ನುವವರು ಶುರು ಮಾಡಿದ್ದು. ಆ ಲೆಕ್ಕದಲ್ಲಿ ಗುಂಟೂರು ಸಣ್ಣಂ 35,000ದಿಂದ 40,000. ಬ್ಯಾಡಗಿಯ ಖಾರ ಅದರ ಅರ್ಧವೂ ಇಲ್ಲ.

ಇಷ್ಟು ಹೇಳಿದೆ ಅಂತ ಗುಂಟೂರನ್ನು ದೂರಬೇಡಿ. ಗೊಂಗೂರ ಪಚ್ಚಡಿಗೋ, ಮಾವಿನಕಾಯಿ ಉಪ್ಪಿನಕಾಯಿಗೋ ಅದೇ ಬೇಕು. ನಿಮ್ಮ ರೂಮ್‌ಮೇಟ್ ಅಮ್ಮ ಆ ಪುಡಿಯಲ್ಲಿ ಮಾಡುವ ಅಡುಗೆಯ ಹದವೇ ಬೇರೆ. ಅವರಿಗೆ ನಮ್ಮ ಪುಡಿ ಕೊಟ್ಟರೆ ಅವರೂ ಹೀಗೇ ಪತ್ರ ಬರೆಯುತ್ತಾರೆ, ಇಷ್ಟೇನಾ ಖಾರ ಅಂತ.

ಅಂಗಡಿಯಿಂದ ಹೊಸ ಪುಡಿ ತಂದಾಗಲೆಲ್ಲ ಒಂದು ಪರೀಕ್ಷೆ ಮಾಡಿ. ಒಂದು ಚಮಚ ತುಪ್ಪ ಬೆಚ್ಚಗೆ ಮಾಡಿ, ಅದಕ್ಕೆ ಎರಡು ಚಿಟಿಕೆ ಪುಡಿ ಬೆರೆಸಿ, ಒಂದು ಹಿಡಿ ಅನ್ನಕ್ಕೆ ಕಲಸಿ ತಿನ್ನಿ. ಒಣ ಪುಡಿ ನಾಲಿಗೆಗೆ ಹಚ್ಚಿ ನೋಡಿದರೆ ಸರಿಯಾಗಿ ಗೊತ್ತಾಗುವುದಿಲ್ಲ. ಖಾರದ ಅಂಶ, ಅಂದರೆ ಕ್ಯಾಪ್ಸೈಸಿನ್, ನೀರಲ್ಲಿ ಕರಗುವುದಿಲ್ಲ, ಎಣ್ಣೆ ತುಪ್ಪದಲ್ಲಿ ಚೆನ್ನಾಗಿ ಕರಗುತ್ತದೆ. ಬಾಯಿ ಉರಿದಾಗ ನೀರು ಕುಡಿದರೆ ಉರಿ ಇಳಿಯದಿರುವುದು ಇದೇ ಕಾರಣಕ್ಕೆ. ಮಜ್ಜಿಗೆಗೆ ಇಳಿಯುವುದು ಮುಖ್ಯವಾಗಿ ಅದರಲ್ಲಿರುವ ಹಾಲಿನ ಪ್ರೋಟೀನ್ ಖಾರವನ್ನು ಹಿಡಿದುಕೊಳ್ಳುವುದರಿಂದ.

ಈಗ ಅಡುಗೆಗೆ ಬರೋಣ. ಅಪ್ಪ ಅಮ್ಮ ಬಂದ ದಿನ ಪುಡಿ ಬದಿಗಿಡಿ, ಇಡೀ ಮೆಣಸಿನಕಾಯಿ ಹುರಿದು ರುಬ್ಬಿ. ಒಂದು ಕೆಜಿ ಕೋಳಿಗೆ 8 ಬ್ಯಾಡಗಿ ಸಾಕು. ತೊಟ್ಟು ಮುರಿದು ಬೀಜ ಉದುರಿಸಿ, ಒಳಗಿನ ಬಿಳಿ ನಾರನ್ನೂ ತೆಗೆಯಿರಿ. ಬೀಜದಲ್ಲಿ ಖಾರ ಅಂತ ಎಲ್ಲರೂ ಹೇಳುತ್ತಾರೆ. ಖಾರ ನಿಜವಾಗಿ ಇರುವುದು ಬೀಜ ಅಂಟಿಕೊಂಡಿರುವ ಆ ನಾರಿನಲ್ಲಿ, ಬೀಜಕ್ಕೆ ಅದರಿಂದ ತಗುಲಿಕೊಂಡಿರುತ್ತದೆ ಅಷ್ಟೆ. ಈ ಕೆಲಸ ಮಾಡಿದ ಕೈಯಲ್ಲಿ ಕಣ್ಣು ಮುಟ್ಟಬೇಡಿ. ಸೋಪು ಹಾಕುವ ಮುಂಚೆ ಕೈಗೆ ಒಂದಿಷ್ಟು ಎಣ್ಣೆ ಸವರಿಕೊಳ್ಳಿ.

ಬಾಣಲೆಗೆ ಅರ್ಧ ಚಮಚ ಎಣ್ಣೆ, ಸಣ್ಣ ಉರಿ. ಮೆಣಸಿನಕಾಯಿ ಹಾಕಿ ಕೈಯಾಡಿಸುತ್ತಲೇ ಇರಿ. ಸುಕ್ಕಿನ ಮಧ್ಯೆ ಅಲ್ಲಲ್ಲಿ ಉಬ್ಬುತ್ತದೆ, ಬಣ್ಣ ಹೊಳಪಾಗುತ್ತದೆ, ಒಂದು ಕಮ್ಮನೆ ವಾಸನೆ ಬರುತ್ತದೆ. ಆಗಲೇ ತಟ್ಟೆಗೆ ಸುರಿಯಬೇಕು. ಇದಕ್ಕೆ ಎರಡು ನಿಮಿಷವೂ ಹಿಡಿಯುವುದಿಲ್ಲ. ಘಾಟು ಎದ್ದು ಕೆಮ್ಮು ಬಂತು ಅಂದರೆ ಹದ ದಾಟಿತು ಅಂತ ಲೆಕ್ಕ. ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೂ ಆ ಬಿಸಿಗೇ ಸೀಯುತ್ತದೆ. ಸೀದ ಮೆಣಸಿನಕಾಯಿಯ ಕಹಿ ಯಾವ ಬೆಲ್ಲಕ್ಕೂ ಬಗ್ಗುವುದಿಲ್ಲ, ಎಸೆದು ಇನ್ನೊಂದು ಹಿಡಿ ಹುರಿಯಿರಿ.

ಅದೇ ಬಾಣಲೆಯಲ್ಲಿ 3 ದೊಡ್ಡ ಚಮಚ ಧನಿಯಾ. ಇದಕ್ಕೆ ಜಾಸ್ತಿ ಹೊತ್ತು ಬೇಕು. ಕೈಯಲ್ಲಿ ಒಂದು ಕಾಳು ಉಜ್ಜಿದರೆ ಸುಲಭಕ್ಕೆ ಮುರಿಯಬೇಕು. ಕೊನೆಗೆ ಅರ್ಧ ಚಮಚ ಕಾಳುಮೆಣಸು, ಎರಡು ತುಂಡು ಚಕ್ಕೆ, ನಾಲ್ಕು ಲವಂಗ, ಒಂದು ಚಮಚ ಗಸಗಸೆ ಹಾಕಿ ಬೆಚ್ಚಗೆ ಮಾಡಿ ಇಳಿಸಿ.

ಕಾಳುಮೆಣಸು ಯಾಕೆ ಅಂತ ಕೇಳಬಹುದು, ಮೊದಲೇ ಖಾರ ಕಮ್ಮಿ ಮಾಡಬೇಕು ಅಂದಿದ್ದೀರಲ್ಲ. ಅದರ ಚುರುಕು ಬೇರೆ ಥರ. ಗಂಟಲಿಗೆ ಒಮ್ಮೆ ತಾಗಿ ಬೇಗ ಇಳಿದು ಹೋಗುತ್ತದೆ, ಮೆಣಸಿನಕಾಯಿಯ ಹಾಗೆ ನಾಲಿಗೆ ಮೇಲೆ ಕೂರುವುದಿಲ್ಲ. ಪೋರ್ಚುಗೀಸರು 16ನೇ ಶತಮಾನದಲ್ಲಿ ಮೆಣಸಿನಕಾಯಿ ತರುವವರೆಗೆ ನಮ್ಮ ಅಡುಗೆಯ ಖಾರ ನಡೆದದ್ದು ಮುಖ್ಯವಾಗಿ ಇದರಿಂದಲೇ. ಹೊಸದಾಗಿ ಬಂದ ಕಾಯಿಗೆ ಹೆಸರು ಕೊಟ್ಟದ್ದೂ ಇದೇ ಮೆಣಸು, ಮೆಣಸಿನ ಥರದ ಕಾಯಿ ಅಂತ. ಬ್ಯಾಡಗಿ ಬಣ್ಣಕ್ಕೆ, ಕಾಳುಮೆಣಸು ಚುರುಕಿಗೆ ಅಂತ ಹಂಚಿದರೆ ಅಪ್ಪನಿಗೆ ಸಾರು ಸಪ್ಪೆ ಅನ್ನಿಸುವುದೂ ಇಲ್ಲ, ಬಾಯಿ ಉರಿಯುವುದೂ ಇಲ್ಲ.

ನಿಮ್ಮಂಥ ಹುಡುಗರು ಅವಸರ ಮಾಡುವುದು ಈರುಳ್ಳಿಯಲ್ಲಿ. ವಿಡಿಯೋದಲ್ಲಿ ಐದು ನಿಮಿಷ ಅನ್ನುತ್ತಾರೆ. ನನ್ನ ಒಲೆಯಲ್ಲಿ ಎರಡು ದೊಡ್ಡ ಈರುಳ್ಳಿ ಕಂದು ಬಣ್ಣಕ್ಕೆ ತಿರುಗಲು 15 ನಿಮಿಷ ಹಿಡಿಯುತ್ತದೆ, ಕೆಲವು ಸಲ 20. ಮೊದಲು ನೀರು ಬಿಡುತ್ತದೆ, ಆಮೇಲೆ ಮೆತ್ತಗಾಗುತ್ತದೆ, ಅಂಚಿನಿಂದ ಬಣ್ಣ ಏರುತ್ತದೆ. ತಳ ಹಿಡಿದರೆ ಒಂದು ಚಮಚ ನೀರು ಚಿಮುಕಿಸಿ ಕೆರೆದುಕೊಳ್ಳಿ. ಖಾರಕ್ಕೆ ಎದುರು ನಿಲ್ಲುವ ಸಿಹಿ ಇದರಿಂದಲೇ ಬರಬೇಕು. ಸಾರಿಗೆ ಸಕ್ಕರೆ ಹಾಕುವ ಪರಿಸ್ಥಿತಿ ಬಂತು ಅಂದರೆ ಈರುಳ್ಳಿ ಹುರಿದಿಲ್ಲ ಅಂತಲೇ ನಾನು ತಿಳಿಯುತ್ತೇನೆ. ಹೀಗೆ ಹುರಿದದ್ದರಲ್ಲಿ ಅರ್ಧ ಮಸಾಲೆಗೆ, ಅರ್ಧ ಪಾತ್ರೆಯಲ್ಲೇ ಇರಲಿ.

ರುಬ್ಬಲು ಹುರಿದದ್ದೆಲ್ಲ, ಅರ್ಧ ಬಟ್ಟಲು ತೆಂಗಿನತುರಿ, ಎರಡು ಚಮಚ ಹುರಿಗಡಲೆ, ಒಂದು ಗಡ್ಡೆ ಬೆಳ್ಳುಳ್ಳಿ, ಒಂದಿಂಚು ಶುಂಠಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ನಾಲ್ಕು ಎಲೆ ಪುದೀನ. ತೆಂಗಿನಕಾಯಿಯ ಕೊಬ್ಬು ಖಾರವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ, ಹಾಗಾಗಿ ನಾಲಿಗೆಗೆ ಒಮ್ಮೆಲೇ ಬಡಿಯುವುದಿಲ್ಲ. ಮಂಗಳೂರಿನ ಕೋರಿ ಗಸಿ ಅಷ್ಟು ಕೆಂಪಗಿದ್ದರೂ ಹಿತವಾಗಿರುವುದಕ್ಕೆ ಇದೂ ಒಂದು ಕಾರಣ. ಉತ್ತರ ಕರ್ನಾಟಕದ ಎಣ್ಣೆಗಾಯಿಯಲ್ಲಿ ಈ ಕೆಲಸವನ್ನು ಶೇಂಗಾ, ಗುರೆಳ್ಳು ಮಾಡುತ್ತವೆ. ಮಸಾಲೆ ನುಣ್ಣಗಿರಲಿ, ತರಿ ಉಳಿದರೆ ಸಾರು ಒಡೆದ ಹಾಗೆ ಕಾಣುತ್ತದೆ.

ಪಾತ್ರೆಯಲ್ಲಿರುವ ಈರುಳ್ಳಿಗೆ ಅರಿಸಿನ, ಉಪ್ಪು ಹಾಕಿ ಕೋಳಿ ಬಾಡಿಸಿ. ಆಮೇಲೆ ಒಂದು ಟೊಮೆಟೊ, ಆಮೇಲೆ ಮಸಾಲೆ. ನೀರು ಹಾಕುವ ಮುಂಚೆ ಮಸಾಲೆ ಎಣ್ಣೆಯಲ್ಲಿ ಬಾಡಬೇಕು. 'ಎಣ್ಣೆ ಬಿಡುವವರೆಗೆ' ಅನ್ನುತ್ತಾರಲ್ಲ, ಅದರ ಅರ್ಥ ಇಷ್ಟೇ: ಮಸಾಲೆಯ ನೀರು ಆರಿದಾಗ ಎಣ್ಣೆ ಬೇರೆಯಾಗಿ ಅಂಚಿಗೆ ಬರುತ್ತದೆ. ಅಲ್ಲಿಯವರೆಗೆ ಬೆಳ್ಳುಳ್ಳಿ ಶುಂಠಿಯ ಹಸಿ ವಾಸನೆ ಇರುತ್ತದೆ, ಮೆಣಸಿನಕಾಯಿಯ ಬಣ್ಣವೂ ಎಣ್ಣೆಗೆ ಇಳಿದಿರುವುದಿಲ್ಲ. ಮಾಮೂಲಿ ದಿನಗಳಲ್ಲಿ ಪುಡಿಯಲ್ಲೇ ಮಾಡುವುದಾದರೆ ಅದನ್ನು ಕಾದ ಎಣ್ಣೆಗೆ ನೇರವಾಗಿ ಸುರಿಯಬೇಡಿ, ಕ್ಷಣದಲ್ಲಿ ಕಪ್ಪಾಗುತ್ತದೆ. ನಾಲ್ಕು ಚಮಚ ನೀರಲ್ಲಿ ಕಲಸಿ ಹಾಕಿ. ಅಳತೆ ಒಂದು ಚಮಚ ಬ್ಯಾಡಗಿ ಪುಡಿ, ಎರಡು ಚಮಚ ಧನಿಯಾ ಪುಡಿ. ಗುಂಟೂರಿನದು ಕಾಲು ಚಮಚ ಸಾಕು.

ಕೋಳಿ ಫಾರಂದಾದರೆ ಅರ್ಧ ಗಂಟೆಯೊಳಗೆ ಬೇಯುತ್ತದೆ. ನಾಟಿ ಕೋಳಿಗೆ ಕುಕ್ಕರ್ ಬೇಕು.

ಬೆಂದ ಮೇಲೆ ರುಚಿ ನೋಡುವುದಕ್ಕೂ ಒಂದು ಕ್ರಮ ಇದೆ. ಕುದಿಯುವ ಸಾರನ್ನು ಸೌಟಿನಿಂದ ಅಂಗೈಗೆ ಹಾಕಿ ನೆಕ್ಕಿದರೆ ತಪ್ಪು ಲೆಕ್ಕ ಸಿಗುತ್ತದೆ. ನಾಲಿಗೆಯಲ್ಲಿ ಬಿಸಿಯನ್ನು ಗುರುತಿಸುವ ನರದ ತುದಿಯೇ ಮೆಣಸಿನಕಾಯಿಯ ಉರಿಯನ್ನೂ ಗುರುತಿಸುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ಪಾಲು ಬಂತು. ಬಿಸಿ, ಖಾರ ಎರಡೂ ಒಂದೇ ಬಾಗಿಲು ತಟ್ಟುವುದರಿಂದ ಸುಡುವ ಸಾರು ಇನ್ನಷ್ಟು ಖಾರ ಅನ್ನಿಸುತ್ತದೆ. ನಾಲ್ಕೈದು ಸಲ ನೋಡಿದರೆ ನಾಲಿಗೆ ಮರಗಟ್ಟಿ ಅದೇ ಸಾರು ಸಪ್ಪೆ ಅನ್ನಿಸುತ್ತದೆ. ಅಡುಗೆ ಮಾಡಿದವರಿಗೆ ಸರಿ ಅನ್ನಿಸಿದ್ದು ಬಡಿಸಿಕೊಂಡವರಿಗೆ ನೆತ್ತಿಗೇರುವುದು ಹೀಗೆ.

ಒಂದು ಸೌಟು ಸಾರು ತೆಗೆದು ಮೂರು ಪುಟ್ಟ ಬಟ್ಟಲಿಗೆ ಹಂಚಿ, ಉಗುರು ಬೆಚ್ಚಗಾಗಲು ಬಿಡಿ. ಒಂದಕ್ಕೆ ಎರಡು ಹರಳು ಉಪ್ಪು, ಒಂದಕ್ಕೆ ಎರಡು ಹನಿ ನಿಂಬೆರಸ, ಇನ್ನೊಂದಕ್ಕೆ ಒಂದು ಹನಿ ತುಪ್ಪ. ಮೂರನ್ನೂ ಒಂದೊಂದು ತುತ್ತು ಮುದ್ದೆಗೋ ಅನ್ನಕ್ಕೋ ಅದ್ದಿ ತಿನ್ನಿ. ಯಾವುದು ಚೆನ್ನಾಗಿದೆಯೋ ಇಡೀ ಪಾತ್ರೆಗೆ ಅದೇ ಬೇಕು. ಹತ್ತರಲ್ಲಿ ಏಳು ಸಲ ಉಪ್ಪಿನ ಬಟ್ಟಲು ಗೆಲ್ಲುತ್ತದೆ, ಇದು ನನ್ನ ಅನುಭವ. ಉಪ್ಪು ಕಮ್ಮಿ ಇದ್ದಾಗ ಬೇರೆ ಯಾವ ರುಚಿಯೂ ಮೇಲೆ ಬರದೆ ಖಾರವೊಂದೇ ಕಾಣಿಸುತ್ತದೆ. ಮುದ್ದೆಗೆ ನಮ್ಮ ಕಡೆ ಉಪ್ಪು ಹಾಕುವುದಿಲ್ಲ, ಅದರ ಪಾಲನ್ನೂ ಸಾರೇ ಹೊರಬೇಕು. ಅದಕ್ಕೇ ಬರೀ ಸಾರು ಕುಡಿದು ಉಪ್ಪು ಖಾರ ತೀರ್ಮಾನ ಮಾಡಬಾರದು.

ಹುಳಿಯ ವಿಷಯದಲ್ಲಿ ಮಾತ್ರ ಹುಷಾರು. ಕೊಡಗಿನ ಪಂದಿ ಕರಿಯಲ್ಲಿ ಕಾಚಂಪುಳಿ ಇಲ್ಲದಿದ್ದರೆ ಆ ಕೊಬ್ಬು, ಆ ಖಾರ ಎರಡೂ ಬಾಯಿ ಕಟ್ಟುತ್ತವೆ, ಅಲ್ಲಿ ಹುಳಿಯೇ ರಾಜ. ನಮ್ಮ ಕೋಳಿ ಸಾರಿಗೆ ಅಷ್ಟು ಬೇಡ. ಖಾರ ಜಾಸ್ತಿ ಆಯಿತು ಅಂತ ನಿಂಬೆಹಣ್ಣು ಪೂರ್ತಿ ಹಿಂಡಿದರೆ ಖಾರದ ಜೊತೆ ಹುಳಿಯೂ ಜಗಳಕ್ಕೆ ನಿಲ್ಲುತ್ತದೆ.

ಆಲೂಗಡ್ಡೆ ಬಗ್ಗೆ ಕೇಳಿದ್ದೀರಿ. ಆಲೂಗಡ್ಡೆ ಸಾರು ಕುಡಿಯುತ್ತದೆಯೇ ಹೊರತು ಖಾರವನ್ನಷ್ಟೇ ಆರಿಸಿ ಎಳೆದುಕೊಳ್ಳುವುದಿಲ್ಲ. ತಿನ್ನಲು ಇಷ್ಟ ಇದ್ದರೆ ಹಾಕಿ.

ಕೈ ಮೀರಿ ಖಾರ ಆದರೆ ಏನು ಮಾಡಬೇಕು ಅನ್ನುವುದನ್ನು ನಾನು ಕಲಿತದ್ದು ಒಂದು ಬೀಗರೂಟದಲ್ಲಿ. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. 40 ಕೆಜಿ ಮಟನ್. ಯಾವಾಗಲೂ ತರುವ ಅಂಗಡಿಯಲ್ಲಿ ಬ್ಯಾಡಗಿ ಮುಗಿದಿತ್ತು, ಬೇರೆ ಕಡೆ ತಂದೆ. ಬಣ್ಣ ಇತ್ತು, ಸುಕ್ಕೂ ಇತ್ತು. ಒಂದು ಚೂರು ತಿಂದು ನೋಡುವ ಬುದ್ಧಿ ಬರಲಿಲ್ಲ. ಹತ್ತು ಗಂಟೆ ಹೊತ್ತಿಗೆ ಕೆಲಸದ ಹುಡುಗ ರುಚಿ ನೋಡಿ ಬಿಕ್ಕಳಿಸಲು ಶುರು ಮಾಡಿದ. ನಾನು ನೋಡಿದೆ, ಕಿವಿ ಬಿಸಿಯಾಯಿತು. ಹನ್ನೆರಡೂವರೆಗೆ ಮೊದಲ ಪಂಕ್ತಿ.

ಇನ್ನೊಂದು ಬಿಂದಿಗೆ ನೀರು ಹಾಕಿ ಅಂತ ಪಕ್ಕದಲ್ಲಿದ್ದವರು ಸಲಹೆ ಕೊಟ್ಟರು. ನೀರು ಹಾಕಿದ್ದರೆ ಖಾರದ ಜೊತೆ ಉಪ್ಪು, ಮಸಾಲೆ, ಮಾಂಸದ ಸಾರ ಎಲ್ಲವೂ ತೆಳ್ಳಗಾಗುತ್ತಿತ್ತು. ಕಡಾಯಿಯಿಂದ ಮೂರನೇ ಒಂದು ಭಾಗ ರಸ ತೆಗೆದು ಬದಿಗಿಟ್ಟೆ. ಮೆಣಸಿನಕಾಯಿ ಒಂದೂ ಇಲ್ಲದೆ ಹೊಸ ಮಸಾಲೆ ರುಬ್ಬಿಸಿದೆ: ತೆಂಗಿನಕಾಯಿ, ಹುರಿಗಡಲೆ, ಹುರಿದ ಈರುಳ್ಳಿ, ಧನಿಯಾ, ಗಸಗಸೆ. ಮೂಳೆ ಬೇಯಿಸಿದ ನೀರು ಇತ್ತು, ಅದರಲ್ಲಿ ಆ ಮಸಾಲೆ ಕುದಿಸಿ ಕಡಾಯಿಗೆ ಸೇರಿಸಿ, ಉಪ್ಪು ಮತ್ತೆ ಸರಿ ಮಾಡಿದೆ. ಬೀಗರು ಏನೂ ಹೇಳದೆ ಎರಡೆರಡು ಸಲ ಬಡಿಸಿಕೊಂಡರು. ತೆಗೆದಿಟ್ಟ ರಸ ಕೊನೇ ಪಂಕ್ತಿಯ ಹುಡುಗರಿಗೆ ಹೋಯಿತು, ಅವರು ಇದೇ ಚೆನ್ನಾಗಿದೆ ಅಂದರು.

ನಿಮ್ಮ ಪಾತ್ರೆಗೂ ಇದೇ ಉಪಾಯ. ಅರ್ಧ ಬಟ್ಟಲು ತೆಂಗಿನಕಾಯಿ, ಒಂದು ಚಮಚ ಹುರಿಗಡಲೆ, ಒಂದು ಚಮಚ ಧನಿಯಾ ಪುಡಿ ರುಬ್ಬಿ ಹಾಕಿ 10 ನಿಮಿಷ ಕುದಿಸಿ. ಮೊಸರು ಹಾಕುವುದಾದರೆ ಕಡೆದು, ಉರಿ ಸಣ್ಣ ಮಾಡಿ ಹಾಕಿ, ಇಲ್ಲದಿದ್ದರೆ ಒಡೆಯುತ್ತದೆ.

ಇನ್ನು ನಿಮ್ಮ ರೂಮ್‌ಮೇಟ್‌ಗೆ ಆ ದಿನದ ಸಾರು ಸಾಲುವುದಿಲ್ಲ, ಅದು ಖಂಡಿತ. ಅವನಿಗೋಸ್ಕರ ಇಡೀ ಪಾತ್ರೆಯ ಖಾರ ಏರಿಸಬೇಡಿ. ಎರಡು ಚಮಚ ತುಪ್ಪ ಕಾಯಿಸಿ, ಜಜ್ಜಿದ ಬೆಳ್ಳುಳ್ಳಿ ಕೆಂಪಗಾದ ಮೇಲೆ ಒಲೆ ಆರಿಸಿ. ಅರ್ಧ ನಿಮಿಷ ಬಿಟ್ಟು ಅರ್ಧ ಚಮಚ ಗುಂಟೂರು ಪುಡಿ ಹಾಕಿ ಕಲಕಿ. ಆ ಒಗ್ಗರಣೆಯನ್ನು ಬಟ್ಟಲಲ್ಲಿ ಊಟದ ಮಧ್ಯೆ ಇಡಿ, ಬೇಕಾದವರು ಹಾಕಿಕೊಳ್ಳಲಿ. ಅಪ್ಪನಿಗೆ ಡಾಕ್ಟರು ಏನಾದರೂ ಪಥ್ಯ ಹೇಳಿದ್ದರೆ ಅದರ ಮುಂದೆ ನನ್ನ ಅಳತೆ ನಡೆಯುವುದಿಲ್ಲ, ಕೇಳಿಕೊಳ್ಳಿ.

ಅಮ್ಮ ಬರುವಾಗ ಖಾರದ ಪುಡಿ ತರಲು ಹೇಳಿ, ಅರ್ಧ ಕೆಜಿ ಆದರೂ ಸರಿ. ಯಾವ ಮೆಣಸಿನಕಾಯಿ, ಎಷ್ಟಕ್ಕೆ ಎಷ್ಟು ಧನಿಯಾ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಆ ಡಬ್ಬದೊಳಗೆ ಇಟ್ಟಿರುವ ಚಮಚವನ್ನೂ ತರಲು ಹೇಳಿ. ನಮ್ಮಮ್ಮನ ಡಬ್ಬದಲ್ಲಿ ಇದ್ದದ್ದು ಯಾವುದೋ ಟಾನಿಕ್ ಬಾಟಲಿ ಜೊತೆ ಬಂದ ಪುಟ್ಟ ಪ್ಲಾಸ್ಟಿಕ್ ಚಮಚ. ಅದರಲ್ಲಿ ಮೂರು ಹಾಕಿದರೆ ನಾವು ಊಟ ಮಾಡುವ ಚಮಚದಲ್ಲಿ ಒಂದೂವರೆ ಆಗುತ್ತಿತ್ತು.